ಡೀಸೆಲ್ ಗಾಡಿಗೆ ಭಾರ ಬೇಕು

ನನ್ನ ಕಾರಿನ ಬಗ್ಗೆ ಅವ್ವನದು ಒಂದೇ ದೂರು: ಅದು ಸದ್ದು ಮಾಡುವುದಿಲ್ಲ. ಕೊಳ್ಳುವಾಗ ಅಂಗಡಿಯವನು ಇದನ್ನೇ ಮಹಾಗುಣವೆಂದು ಬಣ್ಣಿಸಿದ್ದ. ಎಂಜಿನ್ ಚಾಲೂ ಇದೆಯೋ ಇಲ್ಲವೋ ಒಳಗೆ ಕೂತವರಿಗೂ ತಿಳಿಯದು ಅಂದಾಗ ನಾನೂ ಹಿಗ್ಗಿದ್ದೆ. ಆದರೆ ನವಲಗುಂದದಿಂದ ಹೊರಟು, ಹುಬ್ಬಳ್ಳಿಯ ಗದ್ದಲ ದಾಟಿ, ಕುಂದಗೋಳ ಹಾಯ್ದು ಕುಬಿಹಾಳದ ನಮ್ಮ ಮನೆಯ ಮುಂದೆ ನಾನು ಇಳಿಯುವ ಹೊತ್ತಿಗೆ ಅವ್ವ ಕಾಳು ಹಸನು ಮಾಡುತ್ತಲೋ ಎಮ್ಮೆಗೆ ನೀರು ಕುಡಿಸುತ್ತಲೋ ಇರುತ್ತಾಳೆ. ನಾನು ಬಾಗಿಲಲ್ಲಿ ನಿಂತು "ಯವ್ವಾ" ಅಂದ ಮೇಲೆಯೇ ಬೆಚ್ಚಿ ತಿರುಗುತ್ತಾಳೆ. "ಬೆಕ್ಕಿನಂಗ ಬರ್ತೀಯಲ್ಲ ಬೇ! ಒಂದೀಟ ಸಪ್ಪಳ ಮಾಡಿ ಬಂದಿದ್ರ ಹಂಚರೆ ಇಡ್ತಿದ್ನಿ." ಅಂದರೆ ನನಗೆ ಬಿಸಿ ರೊಟ್ಟಿ ತಪ್ಪಿದ್ದಕ್ಕೆ ಹೊಣೆ ನಾನೂ ಅಲ್ಲ, ಆಕೆಯೂ ಅಲ್ಲ, ನನ್ನ ಸುಸಂಸ್ಕೃತ ಪೆಟ್ರೋಲ್ ಕಾರು.

ಆಕೆಯ ಮಾತು ಖರೆ. ನಮ್ಮ ಮನೆಯ ಅಡಿಗೆ ಗಡಿಯಾರ ನೋಡಿ ನಡೆದದ್ದಲ್ಲ, ಕಿವಿಗೊಟ್ಟು ನಡೆದದ್ದು. ಅಪ್ಪನ ಡೀಸೆಲ್ ಪಿಕಪ್ಪು ಊರ ಹೊರಗಿನ ಹಳ್ಳ ಇಳಿದು ಏರುವಾಗ ಒಂದು ದನಿ ಹೊರಡುತ್ತಿತ್ತು. ಪಂಚಾಯತಿಯಲ್ಲಿ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು ಮಾತಿಗೆ ಅಣಿಯಾಗುವಂಥ ದನಿ. ಅದು ಕೇಳಿದ್ದೇ ಅವ್ವ ಒಲೆ ಮೇಲೆ ಹಂಚು ಇಡುತ್ತಿದ್ದಳು. ಗಾಡಿ ಊರ ಬಾಗಿಲಾದ ಅಗಸಿಯೊಳಗೆ ಬರುವಷ್ಟರಲ್ಲಿ ಹಿಟ್ಟು ನಾದಿ ಮುಗಿದಿರುತ್ತಿತ್ತು. ಮನೆಯ ಮುಂದೆ ಬಂದ ಮೇಲೂ ಅಪ್ಪ ತಕ್ಷಣ ಎಂಜಿನ್ ಬಂದ್ ಮಾಡುತ್ತಿರಲಿಲ್ಲ. ದೂರದಿಂದ ದುಡಿದು ಬಂದ ಡೀಸೆಲ್ ಎಂಜಿನ್ನನ್ನು ಒಮ್ಮೆಲೇ ನಿಲ್ಲಿಸಬಾರದು, ಅದು ಬಿಸಿ ಇಳಿಸಿಕೊಳ್ಳಲು ಬಿಡಬೇಕು ಎಂಬುದು ಆ ಗಾಡಿಗಳನ್ನು ನಡೆಸುವವರ ರೂಢಿ. "ಉಸುರು ಬಿಡ್ಲಿ ತಡಿ" ಎಂದು ಅಪ್ಪ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಉಸಿರು ಬಿಡುತ್ತಿದ್ದದ್ದು ಗಾಡಿಯೋ ಅಪ್ಪನೋ ನನಗೆ ಈಗಲೂ ಖಾತ್ರಿಯಿಲ್ಲ. ದಾರಿಯೂ ಅಲ್ಲದ, ಮನೆಯೂ ಅಲ್ಲದ ಆ ಸಣ್ಣ ಅವಧಿಯಲ್ಲಿ ಒಳಗೆ ಮೊದಲ ರೊಟ್ಟಿ ಉಬ್ಬುತ್ತಿತ್ತು. ಎಂಜಿನ್ ನಿಂತ ಮೇಲೆ ಬಂದ ಮೌನದಲ್ಲಿ ಹಂಚಿನ ಮೇಲಿನ ರೊಟ್ಟಿಯ ಉಸಿರೂ ಕೇಳುವಷ್ಟು ಮನೆ ನಿಶ್ಶಬ್ದವಾಗುತ್ತಿತ್ತು.

ನಾನು ಅರ್ಥಶಾಸ್ತ್ರ ಕಲಿಸುವವಳು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗಳು. ಅದನ್ನು ನಾಲ್ಕು ಮಂದಿಯ ಮುಂದೆ ಹೇಳುವಾಗ ನನಗೆ ಸಂಕೋಚವಾಗುವುದಿಲ್ಲ, ಆಗಬೇಕೆಂದೂ ಅನ್ನಿಸಿಲ್ಲ. ಆದರೆ ಶಾಸ್ತ್ರ ಓದಿದವರಿಗೆ ಒಂದು ಚಟವಿರುತ್ತದೆ: ಯಾರಾದರೂ ಏನನ್ನಾದರೂ ಇಷ್ಟಪಟ್ಟರೆ ಅದಕ್ಕೊಂದು ಕಾರಣ ಹುಡುಕುವುದು. ನಮ್ಮ ಕಡೆಯ ಪಿಕಪ್ ಡ್ರೈವರುಗಳು ಪೆಟ್ರೋಲ್ ಗಾಡಿಗೆ ಮೂಗು ಮುರಿದು ಡೀಸೆಲ್ಲಿಗೇ ಯಾಕೆ ಜೋತು ಬೀಳುತ್ತಾರೆ ಎಂದು ನಾನೂ ತಲೆ ಕೆಡಿಸಿಕೊಂಡಿದ್ದೇನೆ. ಮೊದಲಿನಂತೆ ಎರಡು ಎಣ್ಣೆಗಳ ದರದ ನಡುವೆ ಭಾರಿ ಅಂತರವೇನೂ ಉಳಿದಿಲ್ಲ. ಡೀಸೆಲ್ ಗಾಡಿಯ ಬೆಲೆ ಹೆಚ್ಚು, ರಿಪೇರಿ ದುಬಾರಿ, ಹೊಗೆಯ ಬೈಗುಳ ಬೇರೆ. ಹಗುರ ಸಾಮಾನು ಹಾಕಿಕೊಂಡು ಹತ್ತಿರದ ಊರಿಗೆ ಹೋಗಿ ಬರುವವನಿಗೆ ಪೆಟ್ರೋಲ್ ಗಾಡಿಯೇ ಲಾಭ. ಇಷ್ಟನ್ನು ನಾನು ಕರಿಹಲಗೆಯ ಮೇಲೆ ರೇಖೆ ಎಳೆದು ಸಾಧಿಸಬಲ್ಲೆ. ಒಮ್ಮೆ ಕುಂದಗೋಳದ ಕ್ರಾಸಿನಲ್ಲಿ ಚಹಾ ಕುಡಿಯುತ್ತ ನಿಂತಾಗ ಹಲಗೆಯಿಲ್ಲದೆಯೇ ಸಾಧಿಸಲು ಹೊರಟೆ. ಅಲ್ಲಿ ಬಾಡಿಗೆಗಾಗಿ ಕಾದು ನಿಂತಿದ್ದ ಡ್ರೈವರುಗಳು ಬಹಳ ಮರ್ಯಾದೆಯಿಂದ ಕೇಳಿದರು. ಹೆಣ್ಣುಮಗಳೊಬ್ಬಳು ಎಂಜಿನ್ ಬಗ್ಗೆ ಮಾತಾಡುವುದನ್ನು ಕೇಳುವ ಕುತೂಹಲವೂ ಅದರಲ್ಲಿ ಇದ್ದಿರಬೇಕು.

"ನೀವ ಹೇಳೂದು ಬರೋಬ್ಬರಿ ಐತ್ರಿ ಅಕ್ಕಾರ," ಅಂದ ಒಬ್ಬ. "ಆದ್ರ ಪೆಟ್ರೋಲ್ ಗಾಡಿ ಓಡತೈತ್ರಿ, ಡೀಸೆಲ್ ಗಾಡಿ ಎಳೀತೈತ್ರಿ. ನಮಗ ಓಡಿ ಎಲ್ಲಿಗೆ ಹೋಗೂದೈತಿ?"

ಪಕ್ಕದವನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, "ಡೀಸೆಲ್ ಗಾಡೀದು ಒಂದ ಐಬು ಐತ್ರಿ. ಮನ್ಯಾಗ ಸುಳ್ಳ ಹೇಳಾಕ ಬಿಡೂದಿಲ್ಲ. ಊರ ಹೊರಗ ಇದ್ದಾಗ್ಲೆ ಹೇಣ್ತಿಗೆ ಗೊತ್ತಾಗಿ ಬಿಡತೈತಿ," ಅಂದ.

"ಅದಕ್ಕ ಇವ ಅಗಸ್ಯಾಗ ಬಂದ್ ಮಾಡಿ ನಡಕೋತ ಹೋಗ್ತಾನ್ರಿ," ಎಂದು ಮೂರನೆಯವನು. ಎಲ್ಲರೂ ನಕ್ಕರು. ಇಷ್ಟಕ್ಕೂ ಡೀಸೆಲ್ಲನ್ನು ಹಾಡಿ ಹೊಗಳಿದವರೇ ಅದರ ಕಷ್ಟವನ್ನೂ ಮುಚ್ಚಿಡಲಿಲ್ಲ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಬಂದು ಕೂತಿದೆ, "ಒಮ್ಮಿ ಪಂಪ್ ಹೋತಂದ್ರ ಮಾಲಕನೂ ಹ್ವಾದ" ಎಂದು ಶಪಿಸಿದರು. ಶಪಿಸಿ, ಚಹಾ ಮುಗಿಸಿ, ಅದೇ ಗಾಡಿ ಹತ್ತಿದರು. ಪ್ರೀತಿಯ ಲಕ್ಷಣವೇ ಅದಲ್ಲವೇ?

ಎರಡೂ ಎಂಜಿನ್‌ಗಳ ಸ್ವಭಾವಭೇದ ಮಾತ್ರ ನನ್ನ ಮನಸ್ಸಿಗೆ ಹತ್ತಿರವಾಗಿದೆ. ಪೆಟ್ರೋಲಿಗೆ ಕಿಡಿ ಬೇಕು. ಹೊರಗಿನಿಂದ ಯಾರೋ ಕಡ್ಡಿ ಗೀರಿದರೆ ಅದು ಹೊತ್ತಿಕೊಳ್ಳುತ್ತದೆ. ಡೀಸೆಲ್ಲಿಗೆ ಕಿಡಿ ಬೇಡ. ಗಾಳಿಯನ್ನು ಅದುಮಿ, ಅದುಮಿ, ಇನ್ನು ಜಾಗವಿಲ್ಲ ಎನ್ನುವಷ್ಟು ಅದುಮಿದಾಗ ಹುಟ್ಟುವ ಬಿಸಿಗೇ ಅದು ತಾನಾಗಿ ಉರಿಯುತ್ತದೆ. ಕಿಡಿ ತಾಗಿ ಬೆಳಗಿದ ಗೆಳತಿಯರು ನನಗಿದ್ದರು. ಅವರ ಮನೆಯಲ್ಲಿ ಪುಸ್ತಕಗಳಿದ್ದವು, ಪುಸ್ತಕ ಓದಿದ ಅಪ್ಪಂದಿರಿದ್ದರು. ನಾನು ಎರಡನೆಯ ಜಾತಿಯ ಎಂಜಿನ್ನು. ಹೊಲ, ಎಮ್ಮೆ, ಬಸ್ಸಿನ ಬಾಗಿಲು, "ಹುಡುಗಿ ಕಲ್ತು ಏನ್ ಮಾಡೂದೈತಿ" ಎನ್ನುವ ಮಂದಿ, ಎಲ್ಲರೂ ಕೂಡಿ ಅದುಮಿದ ಮೇಲೆ ಉರಿಯದೆ ಬೇರೆ ದಾರಿಯಿರಲಿಲ್ಲ.

ಆ ಪದವಿಗೂ ಅಪ್ಪನ ಗಾಡಿಗೂ ಒಂದು ನಂಟಿದೆ, ಹೇಳಿಬಿಡುತ್ತೇನೆ. ಬಿ.ಎ. ಕೊನೆಯ ವರ್ಷದ ಪರೀಕ್ಷೆಯ ಒಂದು ದಿನ ಮಳೆ ಹಿಡಿದುಕೊಂಡಿತು. ನಮ್ಮದು ಎರಿ ಮಣ್ಣಿನ ಸೀಮೆ. ಒಣಗಿದಾಗ ಕಲ್ಲಿನಂತೆ ಬಿರುಕು ಬಿಡುವ ಆ ಕರಿಮಣ್ಣು ನೆನೆದರೆ ಚಕ್ರವನ್ನಷ್ಟೇ ಅಲ್ಲ, ಮನುಷ್ಯನ ಚಪ್ಪಲಿಯನ್ನೂ ಬಿಡುವುದಿಲ್ಲ. ಬಸ್ಸು ಬರಲಿಲ್ಲ. ಡಾಂಬರು ರಸ್ತೆ ಸೇರುವವರೆಗಿನ ದಾರಿ ಕೆಸರಿನ ಕಾಲುವೆಯಾಗಿತ್ತು. ನಾನು ಪೆನ್ನು ಹಿಡಿದುಕೊಂಡು ಪಡಸಾಲೆಯಲ್ಲಿ ಅಳುತ್ತ ನಿಂತಿದ್ದರೆ ಅಪ್ಪ ನನ್ನ ಕಡೆ ನೋಡದೆ ಜೋಳದ ಚೀಲಗಳನ್ನು ಹೊತ್ತು ಹೊತ್ತು ಗಾಡಿಗೆ ಹೇರತೊಡಗಿದ.

"ಹುಡುಗಿ ಪರೀಕ್ಷಾಕ ಹೊಂಟಾಳೋ, ಸಂತಿಗೆ ಹೊಂಟಾಳೋ?" ಅಂದಳು ಅವ್ವ.

"ಖಾಲಿ ಗಾಡಿ ಕೆಸರಾಗ ಕುಣೀತೈತಿ," ಅಂದ ಅಪ್ಪ, ತಾಡಪತ್ರಿ ಎಳೆದು ಬಿಗಿಯುತ್ತ. "ಭಾರ ಬಿದ್ರ ನೆಲಾ ಹಿಡೀತೈತಿ."

ಹಿಂದಿನ ಚಕ್ರಗಳ ಮೇಲೆ ಭಾರ ಬಿದ್ದ ಗಾಡಿ ನಿಜಕ್ಕೂ ನೆಲ ಹಿಡಿಯಿತು. ಅವಸರವಿಲ್ಲದೆ, ಕಿರಿಚದೆ, ನಿಂತ ನೀರನ್ನು ಎರಡೂ ಕಡೆ ಸೀಳುತ್ತ ಅದು ಮೊದಲ ಗೇರಿನಲ್ಲಿ ಎಳೆದ ಎಳೆತ ಈಗಲೂ ನನ್ನ ಬೆನ್ನಿಗೆ ನೆನಪಿದೆ. ನಾನು ಬೇಡಿಕೆ ಮತ್ತು ಪೂರೈಕೆಯ ನಿಯಮಗಳನ್ನು ಬರೆಯುತ್ತಿದ್ದಾಗ, ಬೇಡಿಕೆಯೂ ಇಲ್ಲದ ಪೂರೈಕೆಯೂ ಆಗದ ನಮ್ಮ ಮನೆಯ ಜೋಳ ಕಾಲೇಜಿನ ಹುಣಸೆ ಮರದ ಕೆಳಗೆ ಕಾದು ಕೂತಿತ್ತು; ಪರೀಕ್ಷೆ ಮುಗಿದ ಮೇಲೆ ನನ್ನ ಸಂಗಡ ತಿರುಗಿ ಊರಿಗೆ ಬಂತು. ನನ್ನ ಪದವಿ ಪ್ರಮಾಣಪತ್ರದಲ್ಲಿ ಆ ಚೀಲಗಳ ಹೆಸರಿಲ್ಲ. ಇರಬೇಕಿತ್ತು.

ಆಮೇಲೆ ನನಗೆ ನವಲಗುಂದದಲ್ಲಿ ಕೆಲಸವಾಯಿತು, ಮದುವೆಯಾಯಿತು. ತಮ್ಮ ಬಸು ದೊಡ್ಡವನಾದ. ಅಪ್ಪನ ಮೊಣಕಾಲು ಸವೆದು ಆಪರೇಷನ್ ಮಾಡಿಸುವ ಪಾಳಿ ಬಂತು. ಇನ್ನು ಕ್ಲಚ್ ತುಳಿಯುವ ಕೆಲಸ ಬಿಡಬೇಕು ಎಂದರು ಡಾಕ್ಟರರು. ಕುಂದಗೋಳದಿಂದ ಹುಬ್ಬಳ್ಳಿಗೆ ಕಾಯಿಪಲ್ಯೆ ಒಯ್ಯುವ ದಂಧೆಗಿಳಿದಿದ್ದ ಬಸು ತನಗಾಗಿ ಒಂದು ಸಣ್ಣ ಪೆಟ್ರೋಲ್ ಪಿಕಪ್ ತಂದ. ಅದು ಒಳ್ಳೆಯ ಗಾಡಿ. ಸ್ವಚ್ಛ, ಹಗುರ, ಬೆಳಗಿನ ಥಂಡಿಯಲ್ಲೂ ಒಂದೇ ಕೀಲಿಗೆ ಶುರುವಾಗುವಂಥದು. ಅಪ್ಪ ಅದನ್ನು ಒಂದು ಸುತ್ತು ಹಾಕಿ ನೋಡಿ, "ಚಂದ ಐತಿ," ಅಂದ. ಬೇರೆಯವರ ಮನೆಯ ಹಸುಗೂಸನ್ನು ಹೊಗಳುವ ದನಿ ಅದು.

ಡೀಸೆಲ್ ಪಿಕಪ್ಪು ಬೇವಿನ ಮರದ ಕೆಳಗೆ ನಿಂತಿತು. ಅಪ್ಪ ದಿನಾ ಮುಂಜಾನೆ ಅದರೊಳಗೆ ಕೂತು ಎಂಜಿನ್ ಚಾಲೂ ಮಾಡಿ, ಕೇಳಿ, ಉಸಿರು ಬಿಡಿಸಿ, ಬಂದ್ ಮಾಡಿ ಇಳಿಯುತ್ತಿದ್ದ. ಗಾಡಿ ಎಲ್ಲಿಗೂ ಹೋಗುತ್ತಿರಲಿಲ್ಲ. ಖಾಲಿ ನಿಂತ ಅದರ ಮೈ ತುಂಬ ನಡುಗುತ್ತಿತ್ತು. ಹಿಂದಿನ ಬಾಗಿಲ ಸರಪಳಿ ಗಲಗಲ ಬಡಿದುಕೊಳ್ಳುತ್ತಿತ್ತು. ಅಪ್ಪನದೂ ಅದೇ ಗತಿಯಾಗಿತ್ತು ಎಂಬುದನ್ನು ನಾನು ಬೇಗ ಗಮನಿಸಲಿಲ್ಲ. ಮಂಚವನ್ನು ಅಲ್ಲಿಂದಿಲ್ಲಿಗೆ ಎಳೆಯುವುದು, ಎಮ್ಮೆಯ ಸಂಗಡ ಜಗಳ, ಅವ್ವ ಉಪ್ಪು ಹಾಕುವಾಗ ಬಾಜೂಕ ನಿಂತು ಸಲಹೆ. ಜೀವಮಾನವೆಲ್ಲ ಭಾರ ಎಳೆದ ಮನುಷ್ಯ, ಭಾರ ಇಳಿದ ಮೇಲೆ ಹಗುರಾಗಬೇಕಿತ್ತು. ಬದಲಿಗೆ ಸರಪಳಿಯಂತೆ ಸದ್ದು ಮಾಡುತ್ತಿದ್ದ. "ಏನರೆ ಒಂದ ಕೆಲ್ಸಾ ಹೇಳ್ರಿ ನನಗ," ಎಂದು ಬಸುವನ್ನು ಕೇಳಿದರೆ ಅವನು ಪ್ರೀತಿಯಿಂದಲೇ, "ನೀ ಆರಾಮ ಕುಂದ್ರಪಾ," ಅನ್ನುತ್ತಿದ್ದ. ಆ ಆರಾಮವೇ ಅಪ್ಪನನ್ನು ತಿನ್ನುತ್ತಿತ್ತು.

ನಿಂತ ಗಾಡಿ ಕೆಡುತ್ತದೆಂದು ಮಾರಲು ಒಪ್ಪಿದವನೂ ಅಪ್ಪನೇ, ಬಂದ ಗಿರಾಕಿಗಳನ್ನೆಲ್ಲ ಓಡಿಸಿದವನೂ ಅಪ್ಪನೇ. ಬಂದವರಿಗೆ ಅವನದು ಒಂದೇ ಪ್ರಶ್ನೆ: "ಏನ್ ಹೇರ್ತಿ?" ಕುಡಿಯುವ ನೀರಿನ ಕ್ಯಾನು ಎಂದವನಿಗೆ ಚಹಾ ಕೂಡ ಸಿಗಲಿಲ್ಲ. ಮದುವೆ ಮೆರವಣಿಗೆಗೆ ಹಾಡಿನ ಡಬ್ಬಿಗಳನ್ನು ಕಟ್ಟುತ್ತೇನೆ ಎಂದವನಿಗೆ, "ಇಷ್ಟ ದಿನಾ ದುಡದ ಗಾಡೀನ ಮುದುಕ್ಯಾದ ಮ್ಯಾಲೆ ಕುಣಸ್ತೀ ಏನ್ಲೇ?" ಎಂದು ಬಾಗಿಲು ತೋರಿಸಿದ. ಮಗಳನ್ನು ಕೊಡುವಾಗಲೂ ಇಷ್ಟು ವಿಚಾರಣೆ ಮಾಡಿರಲಿಲ್ಲ ಎಂದು ನನ್ನ ಗಂಡ ಅಂದದ್ದನ್ನು ನಾನು ಮರೆತಿಲ್ಲ.

ಕಲಘಟಗಿಯ ದಾದಾಪೀರ ಬಂದದ್ದು ಕಡಲೆ ರಾಶಿ ಮುಗಿದ ಮೇಲೆ, ನಾನು ರಜೆಗೆಂದು ಊರಲ್ಲಿದ್ದ ದಿನ. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತನ್ನೂರಿನ ಬಣ್ಣದ ತೊಟ್ಟಿಲುಗಳನ್ನು ಊರೂರಿಗೆ ಮುಟ್ಟಿಸುವುದು ಅವನ ಕಸುಬು.

"ಏನ್ ಹೇರ್ತಿ?"

"ತೊಟ್ಟಿಲಾರಿ ಕಾಕಾರ."

ಅಪ್ಪ ನಗತೊಡಗಿದ. "ಹಸುಗೂಸ ಮಲಗೂ ಸಾಮಾನು! ಅದಕ್ಕ ಡೀಸೆಲ್ ಗಾಡಿ ಯಾಕಪಾ? ಸೈಕಲ್ ಮ್ಯಾಲೆ ಕಟಗೊಂಡು ಹೋಗು." ದಾದಾಪೀರ ಸಿಟ್ಟಾಗಲಿಲ್ಲ. ಏನೋ ಹೇಳಲು ಹೋದ, ಅಪ್ಪನ ನಗು ನಿಲ್ಲದ್ದನ್ನು ನೋಡಿ ಸುಮ್ಮನೆ ಚಹಾದ ಬಟ್ಟಲು ಎತ್ತಿಕೊಂಡ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಬಸು. ಅಂದು ಮುಂಜಾನೆ ಮನೆಯ ಕಡಲೆ ಚೀಲಗಳನ್ನು ಪೆಟ್ರೋಲ್ ಪಿಕಪ್ಪಿನಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ಪ್ಯಾಟಿಗೆ ಹೊರಟಿದ್ದ.

"ಅಕ್ಕಾ, ಕುಂದಗೋಳದ ಹಾದ್ಯಾಗ ಗಾಡಿ ನಿಂತೈತಿ. ಕೆಮ್ಮಿ ಕೆಮ್ಮಿ, ಬಿಳೀ ಹೊಗಿ ಬಿಟ್ಟು ನಿಂತ ಬಿಟ್ತು. ಏನ್ ಮಾಡಿದ್ರೂ ಚಾಲೂ ಆಗವಲ್ದು."

ನಾನು ಅದನ್ನು ಮನೆಯವರಿಗೆ ಹೇಳಿದ್ದೇ ತಡ, ಕೂತಲ್ಲಿಂದಲೇ ಅಪ್ಪ ಕೂಗಿದ: "ಎಣ್ಣಿ ಖಾಲಿ ಆಗಿಲ್ಲ ಅನ್ನು! ಟಾಕಿ ತುಂಬೈತಿ. ಅಂವ ಚೀಲಾ ಹೇರೂಮುಂದ ನಾನ ತುಂಬೀನಿ, ಹಾದ್ಯಾಗ ನಿಂದ್ರೂದ ತಪ್ಪಲಿ ಅಂತ."

"ಯಾವುದರಾಗಿಂದ ತುಂಬಿದಿ?" ಅಂದಳು ಅವ್ವ.

"ಟ್ರ್ಯಾಕ್ಟರಿನ ಕ್ಯಾನಿನಾಗಿಂದ..." ಎಂದ ಅಪ್ಪ, ಅಲ್ಲಿಗೇ ನಿಂತ.

ಟ್ರ್ಯಾಕ್ಟರಿನ ಕ್ಯಾನಿನಲ್ಲಿದ್ದದ್ದು ಡೀಸೆಲ್. ಜೀವನವೆಲ್ಲ ಗಾಡಿ, ಟ್ರ್ಯಾಕ್ಟರು, ಹೊಲದ ಪಂಪು, ಎಲ್ಲದಕ್ಕೂ ಅದೊಂದನ್ನೇ ಹೊಯ್ದ ಕೈ, ಎಣ್ಣೆ ಎಂದರೆ ಇನ್ನೊಂದು ಜಾತಿಯೂ ಇದೆ ಎಂಬುದನ್ನು ಮರೆತು ಪೆಟ್ರೋಲ್ ಗಾಡಿಗೂ ಅದನ್ನೇ ಹೊಯ್ದಿತ್ತು. ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ಅವ್ವ ಇದರ ಮೇಲೆ ಒಂದು ವಾರ ಮಾತಾಡುತ್ತಿದ್ದಳು. ಅಂದು ಸೆರಗಿನ ತುದಿ ಹಿಡಿದುಕೊಂಡು ನಿಂತಳು. ಮಗನಿಗೆ ಒಂದು ಕೆಲಸವನ್ನಾದರೂ ಹಗುರ ಮಾಡಬೇಕೆಂದು, ಯಾರೂ ಹೇಳದೆ ಅಪ್ಪ ಮಾಡಿದ ಒಂದೇ ಕೆಲಸ ಅದು. ಇನ್ನು ತಾನು ಯಾವುದಕ್ಕೂ ಬೇಡ ಎಂದು ಅಪ್ಪನಿಗೆ ಒಳಗೊಳಗೇ ಇದ್ದ ಅನುಮಾನಕ್ಕೆ ಈಗ ಸಾಕ್ಷಿ ಸಿಕ್ಕಂತಾಗಿತ್ತು. ಅವನ ಮುಖ ನೋಡಲಾಗದೆ ನಾನು ಬೇವಿನ ಮರದ ಕಡೆ ನೋಡಿದೆ.

ದಾದಾಪೀರ ಬಟ್ಟಲು ಕೆಳಗಿಟ್ಟ. "ಕಾಕಾರ, ಹೆಂಗೂ ಗಾಡಿ ಒಮ್ಮಿ ನಡಿಸಿ ನೋಡೂದಿತ್ರಿ. ಈಗ ನೋಡೂಣು. ಮನ್ಯಾಗ ದಪ್ಪನ್ನ ಹಗ್ಗ ಐತೇನ್ರಿ?"

ಜಗತ್ತಿನಲ್ಲಿ ಸೌಜನ್ಯವೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಆ ಹಗ್ಗದ ಪ್ರಶ್ನೆಯನ್ನು ತೋರಿಸುತ್ತೇನೆ.

ಗಾಡಿ ನಡೆಸಿದ್ದು ನಾನು. ರಾಶಿ ಮುಗಿದ ಹೊಲದಲ್ಲಿ ಅಪ್ಪ ಅದೇ ಗಾಡಿಯ ಮೇಲೆ ನನಗೆ ಡ್ರೈವಿಂಗ್ ಕಲಿಸಿದ್ದ. ಆದರೆ ಸದ್ದಿಲ್ಲದ ಕಾರಿನ ಸಂಗದಲ್ಲಿ ನನ್ನ ಕಾಲಿಗೆ ನಾಜೂಕು ಬಂದುಬಿಟ್ಟಿತ್ತು. ಅಗಸಿಯಲ್ಲೇ ಎಂಜಿನ್ ಎರಡು ಸಲ ಬಂದ್ ಬಿತ್ತು. "ಕ್ಲಚ್ ಸಾವಕಾಶ ಬಿಡ ಬೇ ನೀಲವ್ವ, ಹಾವಿನ ಮ್ಯಾಲೆ ಕಾಲಿಟ್ಟಂಗ ಮಾಡ್ತಿ," ಎಂದ ಅಪ್ಪ. ದನಿಯಲ್ಲಿ ಜೀವವಿರಲಿಲ್ಲ. ಖಾಲಿ ಗಾಡಿ ರಸ್ತೆಯ ಒಂದೊಂದು ತಗ್ಗಿಗೂ ಎಗರಿ ಬೀಳುತ್ತಿತ್ತು. ಹಿಂದೆ ಸರಪಳಿ ಬಡಿಯುತ್ತಿತ್ತು, ದಾದಾಪೀರ ಕಂಬಿ ಹಿಡಿದು ನಿಂತಿದ್ದ. ಬಿ.ಎ., ಎಂ.ಎ. ಓದಿದ ಹೆಣ್ಣು ಇಲಕಲ್ ಸೀರೆ ಉಟ್ಟು ಪಿಕಪ್ ನಡೆಸುವುದನ್ನು ನೋಡಲು ಹೊಲದಲ್ಲಿದ್ದವರೆಲ್ಲ ನಡು ನೆಟ್ಟಗೆ ಮಾಡಿ ನಿಂತರು.

ಬಸು ರಸ್ತೆ ಬದಿಗೆ ಕೂತಿದ್ದ. ಕಾರಣವನ್ನು ಅವನಿಗೆ ಫೋನಿನಲ್ಲೇ ಹೇಳಿದ್ದೆ. ನಾವು ಮುಟ್ಟುವಷ್ಟರಲ್ಲಿ ಸಿಟ್ಟು ಇಳಿಯಲಿ ಎಂದು. ಅಪ್ಪ ಇಳಿದು ಅವನ ಎದುರು ತಪ್ಪು ಮಾಡಿದ ಹುಡುಗನಂತೆ ನಿಂತಾಗ, ಬಸುವಿನ ಬಾಯಿಗೆ ಬಂದಿದ್ದ ಮಾತು ಹಿಂದಕ್ಕೆ ಹೋದದ್ದು ನನಗೆ ಕಂಡಿತು.

"ಏನಪಾ, ನನ್ನ ಗಾಡೀನೂ ನಿನ್ನ ಪಾರ್ಟಿಗೆ ಸೇರಸಾಕ ನೋಡಿದೇನು?"

ಅಪ್ಪ ನಕ್ಕ. ಕಣ್ಣು ಒರೆಸಿಕೊಂಡದ್ದು ಧೂಳಿಗೆ ಎಂದು ನಾವೆಲ್ಲ ತಿಳಿದೆವು. ಬಸು, ದಾದಾಪೀರ ಇಬ್ಬರೂ ಚೀಲಗಳನ್ನು ಸಣ್ಣ ಗಾಡಿಯಿಂದ ದೊಡ್ಡದಕ್ಕೆ ಹೇರಿದರು. ಚೀಲ ಬಿದ್ದಂತೆಲ್ಲ ಗಾಡಿಯ ಸ್ಪ್ರಿಂಗಿನ ಪಾಟಾಗಳು ಒಂದೊಂದು ಬೆರಳು ಇಳಿಯುತ್ತ, ಗಾಡಿ ಹಳೆಯ ಜಾಗಕ್ಕೆ ಕೂತುಕೊಳ್ಳುವ ಅಜ್ಜಿಯಂತೆ ಕೂತಿತು. ಸಣ್ಣ ಗಾಡಿಯನ್ನು ಹಗ್ಗದಿಂದ ಹಿಂದೆ ಕಟ್ಟಿದರು; ಅದರ ಸ್ಟೀರಿಂಗಿಗೆ ಬಸು. ನಾನು ಮುಂದಿನ ಬಾಗಿಲು ತೆಗೆಯಲು ಹೋದರೆ ಅಪ್ಪ ಆಗಲೇ ಒಳಗೆ ಕೂತಿದ್ದ.

"ಮೊಣಕಾಲಪ್ಪಾ..."

"ಮೊಣಕಾಲ ನಂದು. ಅತ್ತಾಗ ಕುಂದರು."

ಕೂತೆ. ಅಪ್ಪ ಕ್ಲಚ್ ಬಿಟ್ಟ ರೀತಿಯಲ್ಲಿ ಗಾಡಿ ಹೊರಟದ್ದೇ ತಿಳಿಯಲಿಲ್ಲ. ಹಿಂದಿನ ಹಗ್ಗ ಬಿಗಿಯಾದದ್ದು ಮಾತ್ರ ತಿಳಿಯಿತು. ದನಿ ಬದಲಾಯಿತು. ಇಷ್ಟು ದಿನ ಮರದ ಕೆಳಗೆ ಒದರುತ್ತಿದ್ದ ಎಂಜಿನ್ನು ಈಗ ಎದೆಯಾಳದಿಂದ ಒಂದೇ ಸಮನೆ ಗುನುಗಿತು. ಸರಪಳಿಯ ಬಡಿತ ನಿಂತಿತ್ತು. ಅಪ್ಪನ ಚಡಪಡಿಕೆಯೂ ನಿಂತಿತ್ತು, ಸಲಹೆಯಿಲ್ಲ, ಗೊಣಗಾಟವಿಲ್ಲ. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಗೇರಿನ ಮೇಲೆ, ಕಣ್ಣು ರಸ್ತೆಯ ಕೊನೆಗೆ. ಡೀಸೆಲ್ಲೇ ಯಾಕೆ ಎಂಬ ನನ್ನ ಪ್ರಶ್ನೆಗೆ ಕುಂದಗೋಳದ ಕ್ರಾಸಿನಲ್ಲಿ ಸಿಕ್ಕ ಉತ್ತರ ಅರ್ಧವೇ ಆಗಿತ್ತೆಂದು ಆಗ ಅನ್ನಿಸಿತು. ಅದು ಎಳೆಯುತ್ತದೆ, ಖರೆ. ಎಳೆಯುವುದು ಇದ್ದಾಗಲಷ್ಟೇ ಸಮಾಧಾನದಿಂದಿರುವ ಜೀವಗಳೂ ಇರುತ್ತವೆ. ಅಂಥವರಿಗೆ ಭಾರವೆಂದರೆ ಶಿಕ್ಷೆಯಲ್ಲ, ನೆಲ.

ಕುಂದಗೋಳದ ಗ್ಯಾರೇಜಿನ ಮುಂದೆ ಅಪ್ಪ ಗಾಡಿ ನಿಲ್ಲಿಸಿ, ಬಂದ್ ಮಾಡದೆ ಕೂತ. ದಾದಾಪೀರ ಚೀಲದ ಮೇಲಿನಿಂದ ಇಳಿದು ಬಂದು, ಅವಸರ ಮಾಡದೆ, ಎಂಜಿನ್ನಿನ ಬದಿಗೆ ತಾನೂ ನಿಂತುಕೊಂಡ. ಉಸಿರು ಇಳಿದ ಮೇಲೆ ಅಪ್ಪ ಕೀಲಿ ತಿರುಗಿಸಿದ. ಆಗ ದಾದಾಪೀರ ಬಾಯಿ ಬಿಟ್ಟ.

"ಹೋಗೂಮುಂದ ತೊಟ್ಟಿಲಾ ಹೇರೂದು ಖರೆ ಐತ್ರಿ ಕಾಕಾರ. ಬರೂಮುಂದ ಸಾಗವಾನಿ ಕಟಗಿ ಹೇರಕೊಂಡ ಬರ್ತೀನ್ರಿ, ತೊಟ್ಟಿಲಾ ಮಾಡೂ ಮಂದಿಗೆ."

"ಮದಲ ಯಾಕ ಹೇಳ್ಲಿಲ್ಲೋ?"

"ನೀವ ನಗಾಕತ್ತಿದ್ರಿ. ಮುಗೀಲಿ ಅಂತ ಕುಂತಿದ್ನಿರಿ."

ಅಪ್ಪ ಕೀಲಿ ತೆಗೆದುಕೊಂಡು ಕೆಳಗಿಳಿದ. "ಕಟಗಿ ಅಂದ್ರ ಭಾರ ಇರತೈತಿ," ಅಂದ. ವ್ಯವಹಾರ ಅಲ್ಲಿಗೆ ಮುಗಿಯಿತು. ಉಳಿದದ್ದು ಬರಿಯ ಮಾತುಕತೆ. "ಬಂದ ಕೂಡ್ಲೆ ಬಂದ್ ಮಾಡಬ್ಯಾಡಪಾ" ಎಂಬ ಮಾತನ್ನು ಹೇಳುವ ಅಗತ್ಯ ಅಪ್ಪನಿಗೆ ಬೀಳಲೇ ಇಲ್ಲ.

ಕಡಲೆ ಪ್ಯಾಟಿಗೆ ಮುಟ್ಟಬೇಕಿತ್ತಲ್ಲ. ಸಣ್ಣ ಗಾಡಿಯ ಟಾಕಿ ತೊಳೆಯಲು ಗ್ಯಾರೇಜಿನವರಿಗೆ ಬಿಟ್ಟು, ದೊಡ್ಡ ಗಾಡಿಯಲ್ಲಿ ಬಸು ಮತ್ತು ದಾದಾಪೀರ ಹುಬ್ಬಳ್ಳಿಗೆ ಹೊರಟರು. ಅಲ್ಲಿ ಚೀಲ ಇಳಿಸಿದ ಮೇಲೆ ಗಾಡಿ ಹಾಗೇ ಕಲಘಟಗಿಗೆ ಹೋಗುವುದೆಂದು ಆಗಿತ್ತು. ಅಪ್ಪನೂ ನಾನೂ ರಸ್ತೆಯ ಬದಿಗೆ ನಿಂತೆವು. ಅದು ದೂರ ಹೋಯಿತು, ತಿರುವಿನ ಏರಿನಲ್ಲಿ ಗಂಟಲು ಸರಿಪಡಿಸಿಕೊಂಡಿತು. ಅವ್ವ ಹಂಚು ಇಡುತ್ತಿದ್ದ ಆ ದನಿ. ಅಪ್ಪ ಕತ್ತು ವಾಲಿಸಿ ಕೇಳುತ್ತ ನಿಂತಿದ್ದ.

"ಹಿಂಗ ಕೇಳಸತೈತೇನ್ ಇದು?" ಅಂದ.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಆ ಗಾಡಿಯ ದನಿಯನ್ನು ಅಪ್ಪ ಜೀವಮಾನವಿಡೀ ಒಳಗೆ ಕೂತು ಕೇಳಿದವನು. ಅದು ದೂರದಿಂದ, ಕಾದವರ ಕಿವಿಗೆ, ಹೇಗೆ ಬರುತ್ತದೆಂಬುದನ್ನು ಅವನು ಒಮ್ಮೆಯೂ ಕೇಳಿರಲೇ ಇಲ್ಲ. ಇಷ್ಟು ವರ್ಷ ಅವ್ವ ಕೇಳಿದ್ದ ದನಿ ಅವನಿಗೆ ಸಿಕ್ಕದ್ದು ಅದು ಹೋಗುವ ದಿನ.

ಅಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ಅವ್ವನಿಗೆ ಕೇಳಿದ: "ದಿನಾ ಇದನ್ನ ಕೇಳಕೋತ ಕುಂದರತಿದ್ದೇನು?"

"ಮತ್ತ ಏನ್ ಮಾಡೂದು? ನಿನ್ನ ಗಾಡಿ ಊರಿಗೆಲ್ಲಾ ಕೇಳಸತಿತ್ತು, ನಿನಗೊಬ್ಬಗ ಕೇಳಸತಿದ್ದಿಲ್ಲ," ಅಂದಳು ಅವ್ವ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. ಆಕೆಯ ಬೆನ್ನು ನಮ್ಮ ಕಡೆಗಿತ್ತು. ಅದಾದ ಮೇಲೆ ಬಡಿತ ಸ್ವಲ್ಪ ಜೋರಾಯಿತು.

ಈಗ ಬೇವಿನ ಮರದ ಕೆಳಗೆ ಎಣ್ಣೆಯ ಕಲೆಯೊಂದು ಉಳಿದಿದೆ. ಹೊತ್ತು ಇಳಿಯುವಾಗ ಅಪ್ಪ ಕಟ್ಟೆಯ ಮೇಲೆ, ಅವ್ವ ಹೊಸ್ತಿಲಲ್ಲಿ ಕೂತಿರುತ್ತಾರೆ. ಹಳ್ಳದ ಕಡೆಯಿಂದ ಯಾವುದೋ ಗಾಡಿಯ ಸಪ್ಪಳ ಬಂದರೆ ಇಬ್ಬರ ಕತ್ತುಗಳೂ ಕೂಡಿಯೇ ತಿರುಗುತ್ತವೆ. "ಖಾಲಿ ಐತಿ," ಅನ್ನುತ್ತಾನೆ ಅಪ್ಪ. "ಹೂಂ," ಅನ್ನುತ್ತಾಳೆ ಅವ್ವ. ಯಾರ ಗಾಡಿಯ ಹಾದಿ ಕಾಯುತ್ತಿದ್ದಾರೆ ಎಂದು ಇಬ್ಬರಲ್ಲಿ ಯಾರೂ ಕೇಳಿಕೊಳ್ಳುವುದಿಲ್ಲ.

ಆ ರಜೆ ಮುಗಿಸಿ ನಾನು ನವಲಗುಂದಕ್ಕೆ ಹೊರಟಾಗ ಅಪ್ಪ ನನ್ನ ಕಾರಿನ ಡಿಕ್ಕಿ ತೆಗೆದು ಜೋಳದ ಚೀಲವೊಂದನ್ನು ಬಸುವಿನಿಂದ ಹಾಕಿಸಿದ. ಮೊದಲೆಲ್ಲ ನಾನು ಒಲ್ಲೆನೆನ್ನುತ್ತಿದ್ದೆ; ಇಬ್ಬರೇ ಇರುವ ಮನೆ, ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ಎಂಬ ನನ್ನ ಅರ್ಥಶಾಸ್ತ್ರ. ಅಂದು ಸುಮ್ಮನಿದ್ದೆ. ಅಪ್ಪ ಹಿಂದೆ ಸರಿದು ಚಕ್ರಗಳ ಕಡೆ ನೋಡಿ, "ಈಗ ಕುಂತಿತು ನೋಡು ಗಾಡಿ," ಅಂದ. ಆಗಿನಿಂದ ನಾನು ಊರಿಗೆ ಬರುವಾಗಲೂ ಖಾಲಿ ಬರುವುದಿಲ್ಲ. ನವಲಗುಂದದಲ್ಲಿ ಹತ್ತಿಕಾಳಿನ ಹಿಂಡಿ ಚೀಲ ಹಾಕಿಕೊಳ್ಳುತ್ತೇನೆ, ಎಮ್ಮೆಗೆ. ಕಾರಿನ ಒಳಗೆಲ್ಲ ಹಿಂಡಿಯ ವಾಸನೆ. ನನ್ನ ಸಹೋದ್ಯೋಗಿಗಳು ಈಚೆಗೆ ಲಿಫ್ಟ್ ಕೇಳುವುದನ್ನು ಬಿಟ್ಟಿದ್ದಾರೆ.

ಇದರಿಂದ ಒಂದು ಉಪಕಾರವಾಗಿದೆ. ನಮ್ಮ ಅಗಸಿಯ ಹತ್ತಿರ ಪಂಚಾಯತಿಯವರು ಹಾಕಿಸಿದ ಒಂದು ಎತ್ತರದ ಹಂಪ್ ಇದೆ. ಖಾಲಿ ಕಾರು ಅದನ್ನು ಬೆಕ್ಕಿನಂತೆ ದಾಟುತ್ತಿತ್ತು. ಹಿಂಡಿ ಹೇರಿದ ಕಾರಿನ ಹೊಟ್ಟೆ ಮಾತ್ರ ಅದರ ಮೇಲೆ ಗರ್ರ್ ಎಂದು ಉಜ್ಜುತ್ತದೆ; ಓಣಿಗೆಲ್ಲ ಕೇಳುವಷ್ಟು, ಯಾವ ಡೀಸೆಲ್ಲಿಗೂ ನಾಚದಷ್ಟು ಒರಟು ಸದ್ದು. ಮೊನ್ನೆ ಹಾಗೆ ಉಜ್ಜಿಕೊಂಡು ಮನೆಯ ಮುಂದೆ ಬಂದಾಗ ಒಳಗಿನಿಂದ ಅಪ್ಪನ ದನಿ ಕೇಳಿತು: "ಬಂದ್ಲು. ಹಂಚ ಇಡು." ಪೆಟ್ರೋಲ್ ಎಂಜಿನ್ನಿಗೆ ಹಾಗೆ ಉಸಿರು ಬಿಡುವ ಅಗತ್ಯವೇನೂ ಇಲ್ಲ, ನನಗೆ ಗೊತ್ತು. ಆದರೂ ನಾನು ತಕ್ಷಣ ಬಂದ್ ಮಾಡಲಿಲ್ಲ. ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು, ಮೊದಲ ರೊಟ್ಟಿ ಉಬ್ಬುವಷ್ಟು ಹೊತ್ತು, ಸುಮ್ಮನೆ ಕೂತೆ.